ದಾರುಮನ ಎರಡನೇ ಕಣ್ಣು

ಇಂದಿರಮ್ಮ ಏನು ಮಾಡಿದರೂ ಒಳ್ಳೆಯದಕ್ಕೇ ಮಾಡುತ್ತಾರೆ. ಅವರಿಂದ ಆಗುವ ಅನಾಹುತಗಳೂ ಒಳ್ಳೆಯ ಮನಸ್ಸಿನಿಂದಲೇ ಆಗುತ್ತವೆ ಎಂಬುದನ್ನು ಸೊಸೆ ಜ್ಯೋತ್ಸ್ನಾ ಮದುವೆಯಾದ ವರ್ಷವೇ ಕಂಡುಕೊಂಡಿದ್ದಳು. ಆದರೂ ಆ ಗುರುವಾರ ಸಂಜೆ ಜಪಾನಿನ ತ್ಸುಕುಬಾದ ತನ್ನ ಪುಟ್ಟ ಫ್ಲಾಟಿಗೆ ಬಂದು, ಸೈಕಲ್ಲಿನ ಬೀಗದ ಕೈ ಇಡಲು ಕಪಾಟಿನ ಕಡೆ ತಿರುಗಿದವಳು ಅದನ್ನು ಇಡುವುದನ್ನೇ ಮರೆತಳು. ಅಲ್ಲಿದ್ದ ಕೆಂಪು ದಾರುಮ ಬೊಂಬೆ ಎರಡೂ ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿತ್ತು.

ಬೆಳಿಗ್ಗೆ ಅದಕ್ಕೆ ಒಂದೇ ಕಣ್ಣಿತ್ತು.

ಕೈಯಿಲ್ಲ, ಕಾಲಿಲ್ಲ, ಎಷ್ಟು ಸಲ ಉರುಳಿಸಿದರೂ ಎದ್ದು ಕೂರುವ ಬೊಂಬೆ ಅದು. ಜಪಾನಿನಲ್ಲಿ ಒಂದು ಕೆಲಸಕ್ಕೆ ಕೈಹಾಕುವಾಗ ಮನಸ್ಸಿನಲ್ಲಿ ಬೇಡಿಕೊಂಡು ಅದಕ್ಕೆ ಒಂದು ಕಣ್ಣು ಬರೆಯುತ್ತಾರೆ. ಬೇಡಿದ್ದು ಕೈಗೂಡಿದ ಮೇಲೆಯೇ ಇನ್ನೊಂದು. ಮೂರು ವರ್ಷದ ಹಿಂದೆ ಜ್ಯೋತ್ಸ್ನಾ ಪಿಎಚ್‌ಡಿಗೆ ಸೇರಿದ ದಿನ ಅವಳ ತಂಡದ ಹಿರಿಯ ಕುರೋಕಾವಾ ಸಾನ್ ಇದನ್ನು ತಂದುಕೊಟ್ಟಿದ್ದರು. ಮೀಟಿಂಗ್ ರೂಮಿನಲ್ಲಿ ಕುಂಚ ಸಿಗಲಿಲ್ಲವೆಂದು ವೈಟ್‌ಬೋರ್ಡ್ ಪೆನ್ನಿನಲ್ಲೇ ಮೊದಲ ಕಣ್ಣನ್ನು ಬರೆದಿದ್ದರು.

"ಅತ್ತೆ, ಇದಕ್ಕೆ ಕಣ್ಣು ಯಾರು ಬರೆದಿದ್ದು?"

"ನಾನೇ ಕಣೆ!" ಅಡುಗೆಮನೆಯಿಂದ ಇಂದಿರಮ್ಮ ಹೆಮ್ಮೆಯಿಂದಲೇ ಹೊರಗೆ ಬಂದರು. "ಕಾಡಿಗೇಲಿ ಬರ್ದೆ. ಚೆನ್ನಾಗಿದೆ ಅಲ್ವಾ?"

"ಅಯ್ಯೋ, ಯಾಕತ್ತೆ?"

"ನಿಮ್ಮ ಕುರೋಕಾವಾ ಮೇಷ್ಟ್ರೇ ಅಲ್ವೇನೆ ಹೇಳಿದ್ದು? ಭಾನುವಾರ ಊಟಕ್ಕೆ ಬಂದಾಗ, ನೀನು ಮೊಸರು ತರೋಕೆ ಕೊಂಬಿನಿ ಅಂಗಡಿಗೆ ಓಡಿದ್ಯಲ್ಲ, ಆವಾಗ. ಇದಕ್ಕೆ ಒಂದು ಕಣ್ಣು ಯಾಕಿಲ್ಲ ಅಂತ ಕೈಸನ್ನೆ ಮಾಡಿ ಕೇಳ್ದೆ. ಕಣ್ಣು ತೋರಿಸ್ಕೊಂಡು 'ಮಾಡಾ, ಮಾಡಾ' ಅಂದ್ರು. ಎಷ್ಟು ಚೆನ್ನಾಗಿ ಕನ್ನಡ ಕಲಿಸಿದೀಯ ಅಂದ್ಕೊಂಡೆ!"

ಜ್ಯೋತ್ಸ್ನಾ ಕುರ್ಚಿ ಎಳೆದುಕೊಂಡು ಕೂತಳು. ಕುರೋಕಾವಾ ಸಾನ್‌ಗೆ ಅವಳು ಕಲಿಸಿದ್ದು 'ಊಟ ಮಾಡಿ' ಎಂಬ ಎರಡೇ ಪದ. ಅವರು ಅಂದು ಹೇಳಿದ್ದು ಅಪ್ಪಟ ಜಪಾನಿ.

"ಅದು ಮಾಡಾ ಅಲ್ಲ ಅತ್ತೆ, ಮಾದಾ. ಹಾಗಂದ್ರೆ 'ಇನ್ನೂ ಇಲ್ಲ' ಅಂತ."

ಇಂದಿರಮ್ಮನ ಮುಖ ಸಣ್ಣದಾಯಿತು. ಮರುದಿನ ಬೆಳಿಗ್ಗೆ ಸೊಸೆಯ ಮೂರು ವರ್ಷದ ಕೆಲಸದ ಫಲ ತಿಳಿಯುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಮಗ ಅವಿನಾಶ್ ದಿನಾ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದ. ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈ ಟು ಕೆ ಗಂಡಾಂತರದಿಂದ ಜಗತ್ತನ್ನು ಕಾಪಾಡಲು ಟೋಕಿಯೋಗೆ ಬಂದವನು ಅವನು. ಜಗತ್ತು ತಾನಾಗಿಯೇ ಉಳಿದುಕೊಂಡಿತು. ಎರಡು ವರ್ಷವಾಗುತ್ತ ಬಂದರೂ ಕಂಪನಿಯವರು ಅವನನ್ನು ವಾಪಸು ಕರೆಸಲೇ ಇಲ್ಲ. ವಾರವೆಲ್ಲ ಟೋಕಿಯೋ ಪಕ್ಕದ ಗ್ಯೋಟೋಕುವಿನಲ್ಲಿದ್ದು ಶನಿವಾರ ಬಸ್ಸು ಹತ್ತಿ ತ್ಸುಕುಬಾಕ್ಕೆ ಬರುತ್ತಿದ್ದ.

"ಏನೇ ಅದು ನಾಳೆ ತೆರೆಯೋ ಪೆಟ್ಟಿಗೆ? ಇನ್ನೊಂದು ಸಲ ಬಿಡಿಸಿ ಹೇಳು," ಎಂದರು ಇಂದಿರಮ್ಮ.

ಜ್ಯೋತ್ಸ್ನಾ ಹೇಳಿದಳು. ನೆಲದಡಿಯಲ್ಲಿ ಮೂರು ಕಿಲೋಮೀಟರ್ ಸುತ್ತಳತೆಯ ಉಂಗುರವಿದೆ. ಅದರೊಳಗೆ ಎಲೆಕ್ಟ್ರಾನುಗಳು ಒಂದು ಕಡೆಯಿಂದ, ಅವುಗಳ ಪ್ರತಿಕಣಗಳಾದ ಪಾಸಿಟ್ರಾನುಗಳು ಇನ್ನೊಂದು ಕಡೆಯಿಂದ ಓಡಿ ಬಂದು ಡಿಕ್ಕಿ ಹೊಡೆಯುತ್ತವೆ. ಆ ಡಿಕ್ಕಿಯಲ್ಲಿ ಬಿ ಮೆಸಾನ್ ಎಂಬ ಕಣಗಳು ಹುಟ್ಟಿ, ಕಣ್ಣು ಮಿಟುಕಿಸುವುದರೊಳಗೆ ಒಡೆದು ಚೂರಾಗುತ್ತವೆ. ಅವನ್ನು ಯಾರೂ ಕಣ್ಣಾರೆ ನೋಡಲಾರರು. ಮನೆಯಷ್ಟು ದೊಡ್ಡ ಯಂತ್ರವೊಂದು ಚೂರುಗಳ ಜಾಡು ಹಿಡಿಯುತ್ತದೆ. ಜಾಡಿನಿಂದ ಲೆಕ್ಕ ಹಾಕಿ, ಒಡೆದದ್ದು ಯಾವುದು, ಹೇಗೆ ಒಡೆಯಿತು ಎಂದು ತಿಳಿಯಬೇಕು. ತೀರಾ ಅಪರೂಪದ ಒಂದು ಬಗೆಯ ಒಡೆತವನ್ನು ಅವಳು ಹುಡುಕುತ್ತಿದ್ದಳು. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ತಂಡವೂ ಅದನ್ನೇ ಹುಡುಕುತ್ತಿತ್ತು.

"ಕೋಟಿಗಟ್ಟಲೆ ಡಿಕ್ಕಿ ಅತ್ತೆ, ಮುಕ್ಕಾಲುಪಾಲು ಬರೀ ಕಸ. ಜರಡಿ ಹಿಡೀಬೇಕು. ಆದ್ರೆ ಉತ್ತರ ಇರೋ ಜಾಗ ಮಾತ್ರ ನೋಡೋ ಹಾಗಿಲ್ಲ. ಪ್ರೋಗ್ರಾಮಲ್ಲೇ ಮುಚ್ಚಿಟ್ಟಿರ್ತೀವಿ. ಅದೇ ಪೆಟ್ಟಿಗೆ. ಜರಡಿ ಸರಿ ಇದೆ ಅಂತ ಎಲ್ಲರೂ ಒಪ್ಪಿದ್ಮೇಲೇ ತೆಗೆಯೋದು."

"ನಿನ್ನದೇ ಕಂಪ್ಯೂಟರು. ಒಂದು ಸಲ ಇಣುಕಿ ನೋಡಿದ್ರೆ ಯಾರಿಗೆ ಗೊತ್ತಾಗತ್ತೆ?"

"ನನಗೇ ಗೊತ್ತಾಗಿಬಿಡತ್ತಲ್ಲ. ಆಮೇಲೆ ನನಗೆ ಬೇಕಾದ್ದು ಉಳಿಯೋ ಹಾಗೆ ಜರಡಿ ಹಿಡಿದುಬಿಡ್ತೀನಿ. ಬೇಕು ಅಂತಲ್ಲ, ಕೈ ತಾನಾಗೇ ವಾಲತ್ತೆ. ನೀವು ನೈವೇದ್ಯಕ್ಕೆ ಮಾಡಿದ್ದನ್ನ ರುಚಿ ನೋಡ್ತೀರಾ?"

"ಎಲ್ಲಾದ್ರೂ ಉಂಟಾ! ಉಪ್ಪು ಸಪ್ಪೆಯೋ ಜಾಸ್ತಿಯೋ, ಇಟ್ಟ ಮೇಲೇ ಗೊತ್ತಾಗೋದು."

"ಇದೂ ಅಷ್ಟೇ."

ಇಂದಿರಮ್ಮ ಕಪಾಟಿನ ಕಡೆ ನೋಡಿದರು. ನೈವೇದ್ಯ ಇಡುವ ಮೊದಲೇ ತಾವು ಪ್ರಸಾದ ಹಂಚಿಬಿಟ್ಟಿದ್ದೇವೆ ಎಂಬುದು ಅವರಿಗೆ ಆಗ ಸರಿಯಾಗಿ ಹೊಳೆಯಿತು.

"ಕಾಡಿಗೆ ತಾನೇ, ಕೊಬ್ಬರಿ ಎಣ್ಣೆ ಹಚ್ಚಿದ್ರೆ ಹೋಗತ್ತೆ," ಎಂದವರೇ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಬೊಂಬೆಯ ಮುಖವನ್ನು ಗಸಗಸನೆ ಉಜ್ಜಿದರು. ಕಾಡಿಗೆ ಹೋಯಿತು. ಅದರ ಜೊತೆಗೆ ವೈಟ್‌ಬೋರ್ಡ್ ಪೆನ್ನಿನ ಕಣ್ಣೂ ಹೋಯಿತು. ಎರಡೂ ಕಣ್ಣಿಲ್ಲದ ದಾರುಮ ಎಣ್ಣೆ ಸ್ನಾನ ಮಾಡಿಸಿಕೊಂಡ ಕೂಸಿನ ಹಾಗೆ ಮಿರಮಿರ ಮಿಂಚಿತು.

ಜ್ಯೋತ್ಸ್ನಾಗೆ ನಗುವೂ ಬಂತು, ಅಳುವೂ ಬಂತು. ಶಕುನ ಅಪಶಕುನಗಳನ್ನು ನಂಬುವವಳಲ್ಲ ಅವಳು. ನಂಬದವರಿಗೂ ಹೆದರಿಕೆ ಆಗಬಾರದೆಂದೇನೂ ಇಲ್ಲವಲ್ಲ. ಮೂರು ವರ್ಷ ಹುಡುಕಿದ್ದು ಅಲ್ಲಿ ಇಲ್ಲದೇ ಹೋದರೆ ಎಂಬ ಭಯ ಬಹಳ ದಿನದಿಂದ ಅವಳಿಗಿತ್ತು.

ಮರುದಿನ ಇಂದಿರಮ್ಮ ಹಟ ಹಿಡಿದು ಸೊಸೆಯ ಜೊತೆ ಹೊರಟರು. ರೇಷ್ಮೆ ಸೀರೆಯ ಮೇಲೆ ಸ್ವೆಟರ್, ಮಡಿಲಲ್ಲಿ ದಾರುಮ. ಮೀಟಿಂಗ್ ರೂಮಿನಲ್ಲಿ ಕುರೋಕಾವಾ ಸಾನ್ ಎದುರು ತಲೆ ಬಗ್ಗಿಸಿ, ದಾರಿಯುದ್ದಕ್ಕೂ ಉರುಹೊಡೆದಿದ್ದ ಜಪಾನಿ ಕ್ಷಮಾಪಣೆ "ಸುಮಿಮಾಸೆನ್" ಒಪ್ಪಿಸಿದರು. ಜ್ಯೋತ್ಸ್ನಾ ನಡೆದದ್ದೆಲ್ಲ ಹೇಳಿದಳು. ಕುರೋಕಾವಾ ಸಾನ್ ಬೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇಷ್ಟು ದಿನ ಇದು ಒಂದು ಕಣ್ಣಲ್ಲಿ ಕದ್ದು ನೋಡ್ತಿತ್ತು. ಈಗ ನಿಜವಾಗಿ ನಮ್ಮ ಹಾಗಾಯ್ತು. ಕಣ್ಣು ಮುಚ್ಚಿಕೊಂಡವರೆಲ್ಲ ಕೂತ್ಕೊಳ್ಳಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಜರಡಿ ದಾಟಿ ಉಳಿದ ಒಂದೊಂದು ಡಿಕ್ಕಿಗೂ ಪರದೆಯ ಮೇಲೆ ಒಂದು ಚುಕ್ಕಿ. ಮುಚ್ಚಿಟ್ಟ ಜಾಗದಲ್ಲಿ ಕಸದಿಂದಲೇ ನಾಲ್ಕು ಚುಕ್ಕಿ ಬೀಳಬಹುದು ಎಂಬುದು ಜ್ಯೋತ್ಸ್ನಾಳ ಲೆಕ್ಕ. ನಾಲ್ಕೇ ಕಂಡರೆ, ಹುಡುಕಿದ್ದು ಸಿಗಲಿಲ್ಲವೆಂದೇ ಅರ್ಥ. ಜ್ಯೋತ್ಸ್ನಾ ಕಂಪ್ಯೂಟರಿನ ಕೀಲಿ ಒತ್ತಿದಳು. ಪರದೆ ಒಂದು ಕ್ಷಣ ಖಾಲಿಯಿತ್ತು. ಆಮೇಲೆ ಚುಕ್ಕಿಗಳು ಬಂದವು.

ಹನ್ನೆರಡು.

ಯಾರೋ ಜೋರಾಗಿ ಉಸಿರು ಬಿಟ್ಟರು. ಚಪ್ಪಾಳೆ ಶುರುವಾಯಿತು. ಜ್ಯೋತ್ಸ್ನಾ ಇನ್ನೊಂದು ಸಲ ಎಣಿಸಿ ಅತ್ತೆಯ ಕೈ ಹಿಡಿದುಕೊಂಡಳು.

"ಸಿಕ್ತೇನೆ?"

"ಅರ್ಧ ಸಿಕ್ತು ಅತ್ತೆ. ಅದು ಇದೆ ಅನ್ನೋದಕ್ಕೆ ಸಾಕ್ಷಿ ಸಿಕ್ತು. ಥೀಸಿಸ್‌ಗೆ ಇಷ್ಟು ಸಾಕು. ಆದ್ರೆ ಕಂಡುಹಿಡಿದ್ವಿ ಅಂತ ಡಂಗುರ ಹೊಡೆಯೋ ಹಾಗಿಲ್ಲ. ಸಾವಿರದಲ್ಲಿ ಒಂದು ಸಲ ಕಸವೇ ಹೀಗೆ ವೇಷ ಹಾಕ್ಕೊಂಡು ಬರಬಹುದು. ಇನ್ನೂ ಎರಡು ಮೂರು ವರ್ಷದ ಡಿಕ್ಕಿ ಬೇಕು."

"ಇಣುಕಿ ನೋಡಿರ್ಲಿಲ್ಲ ತಾನೇ?"

"ಇಲ್ಲ ಅತ್ತೆ." ಇಣುಕಿ ನೋಡಿದ್ದರೆ ಈ ಹನ್ನೆರಡನ್ನು ಅವಳೇ ನಂಬುತ್ತಿರಲಿಲ್ಲ.

ಕುರೋಕಾವಾ ಸಾನ್ ವೈಟ್‌ಬೋರ್ಡಿನ ಪೆನ್ನು ಎತ್ತಿಕೊಂಡರು. ಏನೋ ನೆನಪಾಗಿ ಅದನ್ನು ಕೆಳಗಿಟ್ಟು, ಎರಡೂ ಕೈಗಳಿಂದ ದಾರುಮನನ್ನು ಇಂದಿರಮ್ಮನ ಮುಂದೆ ಹಿಡಿದರು. ಇಂದಿರಮ್ಮ ಕೈಚೀಲದಿಂದ ಕಾಡಿಗೆ ಡಬ್ಬಿ ತೆಗೆದು, ಮಗುವಿಗೆ ಹಚ್ಚುವಷ್ಟು ಜೋಪಾನವಾಗಿ ಒಂದು ಕಣ್ಣು ಬರೆದರು. ಬರೆದು ಬೆರಳು ಒರೆಸಿಕೊಂಡರು.

ಒಬ್ಬ ವಿದ್ಯಾರ್ಥಿ ತಮಾಷೆಗೆ ಖಾಲಿ ಕಣ್ಣಿನ ಕಡೆ ಬೆರಳು ತೋರಿಸಿದ. ಇಂದಿರಮ್ಮ ಥಟ್ಟನೆ ಬೊಂಬೆಯನ್ನು ಎದೆಗವಚಿಕೊಂಡರು.

"ಮಾದಾ, ಮಾದಾ!"

ಜಪಾನಿಗಳೆಲ್ಲ ಗೊಳ್ಳೆಂದು ನಕ್ಕರು. ಇಂದಿರಮ್ಮ ಮಾತ್ರ ನಗದೆ ಸೊಸೆಯ ಕಡೆ ತಿರುಗಿ, ಇನ್ನೊಂದು ಕಣ್ಣಿಗಾಗಿ ಉಳಿದಿದ್ದ ಕಾಡಿಗೆಯ ಡಬ್ಬಿಯನ್ನು ಅವಳ ಕೈಯಲ್ಲಿಟ್ಟು ಬೆರಳು ಮುಚ್ಚಿದರು.

"ಅವರದ್ದು ಮಾದಾ. ನಮ್ಮದು ಮಾಡು. ಮಾಡು ಕಣೆ, ಮಾಡು."