ಕೆಂದಿಯ ಕೊರಳು

ಹಾಲು ಕರೆಯುವ ಹೊತ್ತಾಗುತ್ತಿದ್ದಂತೆ ಹಾಲಿನಣ್ಣ ಬಂದು ಡ್ರಾಯಿಂಗ್ ಮೇಡಂ ಮನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ಇದ್ದೊಂದು ಹಸು ಕೆಂದಿ ಸತ್ತ ಮೇಲೆ ಆ ಹೊತ್ತಿನಲ್ಲಿ ಅವನ ಕೈಗೆ ಕೆಲಸವಿರಲಿಲ್ಲ. ಅದರದೊಂದು ಚಿತ್ರ ಬರೆದುಕೊಡಿ ಎಂದು ಅವರನ್ನು ಕೇಳಿಕೊಂಡಿದ್ದ. ಫೋಟೊ ಇರಲಿಲ್ಲ, ಬಣ್ಣವನ್ನೆಲ್ಲ ಅವನೇ ಬಾಯಲ್ಲಿ ಹೇಳಬೇಕಿತ್ತು.

ಮೇಡಂ ಒಂಟಿ. ಸ್ಕೂಲಿನಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು. ಬೆಳಿಗ್ಗೆ ಗುಡಿಸಿದ ಮನೆ ಸಂಜೆಗೂ ಹಾಗೇ ಇರುತ್ತಿತ್ತು, ಕೊಳೆ ಮಾಡುವವರಿರಲಿಲ್ಲ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅದೂ ಬೆಕ್ಕಿನ ಸಂಗಡ. ಹಾಲಿನಣ್ಣನೂ ಹದಿನೈದು ವರ್ಷ ಹಾಲು ಹಾಕಿ ಹೋದವನೇ ಹೊರತು ನಿಂತು ಮಾತಾಡಿದವನಲ್ಲ. ಈಗ ಚಿತ್ರದ ನೆಪ ಸಿಕ್ಕಿತ್ತು. ಕೆಂದಿ ಒದ್ದದ್ದು, ಬೇಲಿ ಹಾರಿ ಪಕ್ಕದವರ ಹೊಲಕ್ಕೆ ನುಗ್ಗಿದ್ದು, ಹೆಂಡತಿ ತೀರಿಕೊಂಡ ಮರುದಿನವೂ ಹೊತ್ತಿಗೆ ಸರಿಯಾಗಿ ಕೂಗಿ ತನ್ನನ್ನು ಎಬ್ಬಿಸಿದ್ದು, ಎಲ್ಲ ಹೇಳುತ್ತಿದ್ದ.

ಮೇಡಂ ಕೇಳುತ್ತ, ಕೈ ಹಗುರ ಮಾಡಿ ಬಣ್ಣದ ಪೆನ್ಸಿಲನ್ನು ಸಣ್ಣ ಸಣ್ಣ ಸುತ್ತು ಆಡಿಸುತ್ತಿದ್ದರು. ಮೊದಲು ಹಳದಿ, ಅದರ ಮೇಲೆ ಕಿತ್ತಳೆ, ಅದರ ಮೇಲೆ ಇಟ್ಟಿಗೆಗೆಂಪು. ಕಷ್ಟವಿದ್ದದ್ದು ಕೊರಳಲ್ಲಿ. ಮೈಯ ಕೆಂಪು ಎಲ್ಲಿ ಮುಗಿಯಿತು, ಕೊರಳಡಿ ಜೋಲುವ ಗಂಗೆದೊಗಲಿನ ಬಿಳುಪು ಎಲ್ಲಿ ಶುರುವಾಯಿತು ಎಂದು ತಿಳಿಯಬಾರದು. ಪದರದ ಮೇಲೆ ಪದರ ಹಾಕಿ, ಕೊನೆಗೆ ಬಿಳಿ ಪೆನ್ಸಿಲನ್ನು ಒತ್ತಿ ತೀಡಿದರೆ ಗೆರೆಗಳೆಲ್ಲ ಕರಗಿ ಒಂದಾಗುತ್ತವೆ. ಆಮೇಲೆ ಮಾತ್ರ ಕಾಗದ ಮೇಣ ಬಳಿದಂತಾಗಿ ಬೇರೆ ಬಣ್ಣ ಹಿಡಿಯುವುದಿಲ್ಲ. ಆ ಬಿಳಿ ಪೆನ್ಸಿಲನ್ನು ಮೇಡಂ ಡಬ್ಬಿಯಿಂದ ತೆಗೆದೇ ಇರಲಿಲ್ಲ. ಚಿತ್ರ ಮುಗಿದರೆ ಈತ ಬರುವುದಕ್ಕೆ ಕಾರಣವೇ ಇರುವುದಿಲ್ಲ.

ಇಪ್ಪತ್ತು ದಿನವಾಯಿತು. ನಾನು ಹಾಕಿದ ಮೇವಿಗಿಂತ ನಿಮ್ಮ ಪೆನ್ಸಿಲ್ ಮೇವಿಗೇ ಕೆಂದಿ ದಪ್ಪಗಾಗುತ್ತಿದ್ದಾಳೆ ಎಂದು ಅವನು ನಗುತ್ತಿದ್ದ. ಕೊನೆಗೆ ಕತ್ತು ವಾರೆ ಮಾಡಿ ನೋಡಿ, ಇನ್ನೊಂಚೂರು ಕೆಂಪು ಬೇಕಿತ್ತೇನೋ ಎನ್ನುತ್ತಿದ್ದ. ಅವರು ಇನ್ನೊಂದು ಪದರ ಹಾಕುತ್ತಿದ್ದರು.

ಆ ದಿನ ಅವನು ಏದುಸಿರು ಬಿಡುತ್ತ ಬಂದ. ನಿಮ್ಮನೆಗೆ ಬರುವ ಏರುದಾರಿಯಲ್ಲಿ ಮೂರು ಕಡೆ ಕೂತೆ ಎಂದ. ಮೇಡಂಗೆ ಚುರುಕ್ಕೆಂದಿತು. ನನ್ನ ಬೇಸರ ಕಳೆಯಲಿಕ್ಕೆ ಈ ಜೀವವನ್ನು ದಿನಾ ಏರು ಹತ್ತಿಸುತ್ತಿದ್ದೇನಲ್ಲ ಎನಿಸಿತು. ಬಿಳಿ ಪೆನ್ಸಿಲ್ ತೆಗೆದು ಕೊರಳುದ್ದಕ್ಕೂ ಒತ್ತಿ ತೀಡಿದರು. ಕೆಂಪು ಬಿಳುಪಿನಲ್ಲಿ ಇಳಿದುಹೋಯಿತು.

"ಮುಗೀತಣ್ಣ. ಇನ್ನು ಇದು ಬಣ್ಣ ಹಿಡಿಯಲ್ಲ."

ಅವನು ಬಹಳ ಹೊತ್ತು ನೋಡಿದ. ಮುಟ್ಟಲು ಚಾಚಿದ ಬೆರಳನ್ನು ಹಿಂದಕ್ಕೆಳೆದುಕೊಂಡ.

"ಹೋದ ವಾರಾನೇ ಸರಿಯಾಗಿತ್ತು, ಮೇಡಮ್ಮೋರೆ. ನಾನೇ ಸುಮ್ನೆ ಕೆಂಪು ಕೆಂಪು ಅಂತಿದ್ದೆ."

"ಹೇಳಬಾರ್ದಿತ್ತಾ?"

"ಹೇಳಿದ್ರೆ ನೀವು ಕೊಟ್ಬಿಡ್ತಿದ್ರಿ."

ನಾಳೆಯೂ ಬನ್ನಿ ಎನ್ನಬೇಕೆಂದು ಮೇಡಂಗೆ ಅನಿಸಿತು. ಹಾಗೆ ಯಾರನ್ನೂ ಕರೆದು ರೂಢಿಯಿರಲಿಲ್ಲ. ಚಿತ್ರವನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ಅವನು ಅದನ್ನು ಎದೆಗವಚಿಕೊಂಡು ಇಳಿದುಹೋದ.

ಮರುದಿನ ಹಾಲು ಕರೆಯುವ ಹೊತ್ತಿಗೆ ಬಾಗಿಲು ತೆರೆದಿಟ್ಟು, ಚೂಪಾಗಿಯೇ ಇದ್ದ ಕೆಂಪು ಪೆನ್ಸಿಲನ್ನು ಮತ್ತೆ ಹೆರೆದರು. ಬೆಕ್ಕು ಬಂದು ಮೆಟ್ಟಿಲ ಮೇಲೆ, ಅವನು ಕೂರುತ್ತಿದ್ದಲ್ಲಿ ಕೂತಿತು. ಮೇಡಂ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.