ಹೊತ್ತು ಹೊತ್ತ ಭಾವ

ನಮ್ಮ ಭಾವನ ಟೈಮ್ ಸರಿಯಿಲ್ಲ ಎಂದು ಬೀದಿಯಲ್ಲಿ ಯಾರಾದರೂ ಅಂದರೆ ಸಾಕು, ಅವರು ಗ್ರಾಫು ಹಿಡಿದುಕೊಂಡು ಓಡಿ ಬರುತ್ತಾರೆ. ಬೇರೆಯವರ ಟೈಮು ಸಾಲ, ಸೊಸೆ, ಸಕ್ಕರೆ ಕಾಯಿಲೆಗಳಿಂದ ಕೆಡುತ್ತದೆ. ಭಾವನವರದು ರೂಮಿನ ಉಷ್ಣಾಂಶ ಅರ್ಧ ಡಿಗ್ರಿ ಏರಿದರೆ ಕೆಡುತ್ತದೆ.

ಕಾರಣ, ಅವರ ಬಳಿ ಪರಮಾಣು ಗಡಿಯಾರವಿದೆ. ಈ ಹೆಸರು ಕೇಳಿ ಪಕ್ಕದ ಮನೆಯವರು ಒಂದು ವಾರ ಕಿಟಕಿ ತೆಗೆದಿರಲಿಲ್ಲ. ನೋಡಿದರೆ ಇಟ್ಟಿಗೆ ಗಾತ್ರದ ಒಂದು ಪೆಟ್ಟಿಗೆ. ಹಳೆಯ ಮೊಬೈಲ್ ಟವರಿನಿಂದ ಕಿತ್ತು ಗುಜರಿಗೆ ಹಾಕಿದ್ದು. ಅದರೊಳಗೊಂದು ಗಾಜಿನ ಬುರುಡೆ, ಬುರುಡೆಯೊಳಗೆ ಚಿಟಿಕೆ ರುಬಿಡಿಯಂ. ಆ ಲೋಹದ ಪರಮಾಣು ಮಿಡಿಯುವುದನ್ನು ಎಣಿಸಿ, ಒಂದು ಸೆಕೆಂಡು ಎಷ್ಟು ಉದ್ದ ಎಂದು ಪೆಟ್ಟಿಗೆ ಹೇಳುತ್ತದೆ. ಈಗ ಗಂಟೆ ಎಷ್ಟು ಎಂದು ಮಾತ್ರ ಹೇಳುವುದಿಲ್ಲ. ಅದಕ್ಕೆ ಮುಳ್ಳಿಲ್ಲ, ಅಂಕಿಯಿಲ್ಲ. ಮುಖವೇ ಇಲ್ಲ, ಹಾಗಾಗಿ ನಾಚಿಕೆಯೂ ಇಲ್ಲ. ಇರುವುದೊಂದು ಹಸಿರು ದೀಪ. ಪೆಟ್ಟಿಗೆ ಚೆನ್ನಾಗಿ ಬಿಸಿಯಾಗಿ, ಎಣಿಕೆ ಹಿಡಿತಕ್ಕೆ ಬಂದಾಗ ಅದು ಹೊತ್ತಿಕೊಳ್ಳುತ್ತದೆ. ಇದಕ್ಕೆ ‘ಲಾಕ್ ಆಗುವುದು’ ಎನ್ನುತ್ತಾರೆ.

“ಒಳಗೆ ಅದು ಲಾಕು, ಹೊರಗೆ ನಾನು ಲಾಕು” ಎನ್ನುತ್ತಿದ್ದಳು ನಮ್ಮಕ್ಕ.

ಅವಳು ಹೇಳುತ್ತಿದ್ದುದು ರೂಮಿನ ವಿಷಯ. ಅಕ್ಕ ಟೈಲರ್. ಆ ಮನೆಯಲ್ಲಿ ಬಿಸಿಲು ಬೀಳದ ಹಿಂದಿನ ರೂಮು ಅವಳದಾಗಿತ್ತು. ಅಲ್ಲಿ ಕಟಿಂಗ್ ಟೇಬಲ್ಲಿತ್ತು, ಮೆಷಿನ್ನಿತ್ತು, ಗಿರಾಕಿಗಳು ಅಳತೆ ಕೊಡಲು ನಿಲ್ಲುವ ಕನ್ನಡಿಯಿತ್ತು. ಪೆಟ್ಟಿಗೆ ಬಂದ ಮೇಲೆ ಭಾವ ಆ ಕಿಟಕಿಗೆ ಥರ್ಮಾಕೋಲ್ ಬಡಿದರು, ಗೋಡೆಗೆ ಥರ್ಮಾಕೋಲ್ ಬಡಿದರು, ಬಾಗಿಲಿಗೆ ಬೀಗ ಹಾಕಿದರು. ಕಟಿಂಗ್ ಟೇಬಲ್ಲನ್ನು ಮಡಚಿ ಮಂಚದಡಿಗೆ ತಳ್ಳಿದರು. ಅಕ್ಕನ ಮೆಷಿನ್ನು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಗೆ ಬಂತು. ಅಂದಿನಿಂದ ಅವಳು ನೆಲದ ಮೇಲೆ ಕೂತು ಬಟ್ಟೆ ಕತ್ತರಿಸುತ್ತಿದ್ದಳು, ಸ್ನಾನ ಮಾಡಿ ಬಂದವರು ಒದ್ದೆ ಕಾಲಲ್ಲಿ ಅದನ್ನು ತುಳಿದು ಹೋಗುತ್ತಿದ್ದರು. ಭಾವ ‘ರೀಡಿಂಗ್’ ತೆಗೆದುಕೊಳ್ಳುವಾಗ ಮೆಷಿನ್ ತುಳಿಯುವಂತೆಯೂ ಇರಲಿಲ್ಲ. ಗಡಿಯಾರಕ್ಕೆ ನಡುಕ ಹತ್ತುತ್ತದಂತೆ. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕತ್ತರಿ ಹುಡುಕಿಕೊಂಡರು.

“ಮೂರು ಸಾವಿರ ವರ್ಷಕ್ಕೆ ಒಂದೇ ಸೆಕೆಂಡು ತಪ್ಪೋದು ಕಣೋ ಇದು” ಎಂದು ಭಾವ ಒಮ್ಮೆ ನನಗೆ ಹೇಳಿದರು.

“ಅಷ್ಟು ವರ್ಷ ಇದ್ದು ತಪ್ಪು ಹಿಡಿಯೋರು ಯಾರು ಭಾವ?”

“ನಿನ್ನಂಥೋರಿಗೆ ಕಾಲದ ಬೆಲೆ ಗೊತ್ತಿಲ್ಲ.”

“ನಂಗೆ ಕಾಲಿನ ಬೆಲೆ ಗೊತ್ತು” ಎಂದಳು ಅಕ್ಕ ನೆಲದಿಂದಲೇ. “ಬನ್ನಿ ಇಲ್ಲಿ, ಮಂಡಿ ತೋರಿಸ್ತೀನಿ. ಹೆಂಗೆ ಊದಿದೆ ನೋಡಿ. ಅದನ್ನೂ ಗ್ರಾಫ್ ಹಾಕಿ.”

ಭಾವನಂಥವರು ಊರಿಗೊಬ್ಬರಿದ್ದರೆ ತಡೆದುಕೊಳ್ಳಬಹುದು. ಮೂವರಿದ್ದರು. ಮೂವರಾದದ್ದರಿಂದ ಸಂಘವೂ ಇತ್ತು: ‘ನಿಖರ ಕಾಲ ಬಳಗ’. ನಾನು ಅದನ್ನು ನಿಖರ ಕಾಲಹರಣ ಬಳಗ ಎಂದು ಕರೆಯುತ್ತಿದ್ದೆ. ಅದರ ಅಧ್ಯಕ್ಷರು ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು. ಬದುಕಿಡೀ ಬೇರೆಯವರಿಂದ ಬೆಲ್ ಹೊಡೆಸಿ ಅಭ್ಯಾಸವಾಗಿ, ಈಗ ಹೊಡೆಸಲು ಏನೂ ಇಲ್ಲದೆ ಬಾಯಿ ಬಡಿದುಕೊಳ್ಳುತ್ತಿದ್ದರು. ಇನ್ನೊಬ್ಬರು ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನಲ್ಲೂ ಇಂಥದೇ ಒಂದು ಪೆಟ್ಟಿಗೆ ಇತ್ತು. ಬಳಗದ ‘ಯಜಮಾನ ಗಡಿಯಾರ’ ಅದೇ. ಅಂದರೆ, ಉಳಿದವರೆಲ್ಲ ತಮ್ಮ ಸೆಕೆಂಡನ್ನು ಡಾಕ್ಟರ ಸೆಕೆಂಡಿಗೆ ತಾಳೆ ನೋಡಬೇಕು. ಭಾವನಿಗೆ ಇದು ಹಲ್ಲುನೋವಿಗಿಂತ ದೊಡ್ಡ ನೋವು. ಅದರ ಮೇಲೆ ಡಾಕ್ಟರು ಒಂದು ಸಭೆಯಲ್ಲಿ, “ನಿಮ್ಮ ಗಡಿಯಾರ ಒಂದು ಕಡೆ ನಿಲ್ಲಲ್ಲ ಬಿಡಿ, ಅದು ಅಲೆಮಾರಿ” ಎಂದುಬಿಟ್ಟರು. ಭಾವನ ವಂಶವನ್ನು ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಮೇಷ್ಟ್ರು ತೀರ್ಪು ಕೊಟ್ಟರು. ಭಾವನ ಪೆಟ್ಟಿಗೆಯನ್ನು, ಆರಿಸದೆ, ಓಡುತ್ತಿರುವಂತೆಯೇ ಕ್ಲಿನಿಕ್ಕಿಗೆ ತರಬೇಕು. ಎರಡನ್ನೂ ಒಂದೇ ಯಂತ್ರಕ್ಕೆ ಕಟ್ಟಿ ಒಂದು ಗಂಟೆ ನೋಡಬೇಕು. ಅಂತರ ಅಲ್ಲಾಡದಿದ್ದರೆ ಯಜಮಾನಿಕೆ ಭಾವನಿಗೆ. ಅಲ್ಲಾಡಿದರೆ ಭಾವ ಬಾಯಿ ಮುಚ್ಚಿಕೊಂಡಿರಬೇಕು.

“ಮನೇಲಿ ಒಬ್ಬ ಯಜಮಾನ ಇರೋದು ಸಾಲದಾ?” ಎಂದಳು ಅಕ್ಕ, ಸುದ್ದಿ ಕೇಳಿ. “ಅಲ್ಲಾಡಿದ್ರೆ ಏನ್ಮಾಡ್ತೀರಿ?”

“ಅಲ್ಲಾಡಲ್ಲ.”

“ಅಲ್ಲಾಡಿದ್ರೆ ಅಂತ ಕೇಳಿದೆ.”

“ಅಲ್ಲಾಡಿದ್ರೆ ಆ ರೂಮು ನಿಂಗೇ ತಗೋ! ನಿನ್ನ ತಮ್ಮನೇ ಸಾಕ್ಷಿ!” ಎಂದು ಭಾವ ಎದೆ ತಟ್ಟಿಕೊಂಡರು.

ಅಕ್ಕ ಕತ್ತರಿ ಕೆಳಗಿಟ್ಟಳು. ಆ ಗಳಿಗೆಯಿಂದ ಆ ಗಡಿಯಾರ ಅಲ್ಲಾಡಲಿ ಎಂದು ಅವಳು ಹಾರೈಸಿದಷ್ಟು, ತನ್ನ ಸಂಸಾರ ಅಲ್ಲಾಡದಿರಲಿ ಎಂದೂ ಹಾರೈಸಿರಲಿಕ್ಕಿಲ್ಲ.

ಕಾರು ಓಡಿಸಿದವಳು ಅಕ್ಕ. ಹಿಂದಿನ ಸೀಟಿನಲ್ಲಿ ಭಾವ, ಮಡಿಲಲ್ಲಿ ಟವೆಲ್ಲು ಸುತ್ತಿದ ಪೆಟ್ಟಿಗೆ. ಪಕ್ಕದಲ್ಲಿ ನಾನು, ನನ್ನ ಮಡಿಲಲ್ಲಿ ಅದಕ್ಕೆ ಕರೆಂಟು ಉಣಿಸುವ ಬ್ಯಾಟರಿ. ಹೊತ್ತು ಹೊತ್ತವರು ಭಾವ, ಹೊತ್ತಿನ ಹೊರೆ ಹೊತ್ತವನು ನಾನು. ಪೆಟ್ಟಿಗೆಯ ಕಾವಿಗೆ ಭಾವನ ತೊಡೆ ಬೆಂದುಹೋಗುತ್ತಿತ್ತು. ಅಷ್ಟು ಹೊತ್ತು ಅವರು ತಮ್ಮ ಮಗಳನ್ನು ಎತ್ತಿಕೊಂಡಿದ್ದನ್ನು ನಾನು ನೋಡಿಲ್ಲ.

“ಮೆಲ್ಲಗೆ ಹೋಗೇ! ಮುಂದೆ ಹಂಪಿದೆ!”

“ಹಂಪ್ ಇರೋದೇ ಹಾರೋಕೆ ರೀ.”

“ಕುಲುಕಿದ್ರೆ ಅದರ ಎಣಿಕೆ ತಪ್ಪುತ್ತೆ!”

“ಹೌದಾ?” ಎಂದು ಅಕ್ಕ ಇನ್ನಿಲ್ಲದ ಮುಗ್ಧತೆಯಿಂದ ಕೇಳಿದಳು. ಆಮೇಲೆ ಆ ದಾರಿಯಲ್ಲಿದ್ದ ಗುಂಡಿಗಳಲ್ಲಿ ಅವಳು ಒಂದನ್ನೂ ಬಿಡಲಿಲ್ಲ. ಕೆಲವು ಗುಂಡಿಗಳಿಗೆಂದೇ ಪಕ್ಕಕ್ಕೆ ತಿರುಗಿಯೂ ಹೋದಳು.

ಕ್ಲಿನಿಕ್ಕಿಗೆ ಆಗ ಮಧ್ಯಾಹ್ನದ ಬಿಡುವು. ಹೊರಗೆ ಬೆಂಚಿನ ಮೇಲೆ ಒಬ್ಬ ಮನುಷ್ಯ ಊದಿದ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದ. ಒಳಗೆ ಡಾಕ್ಟರು ಎರಡು ಪೆಟ್ಟಿಗೆಗಳನ್ನೂ ಅಳೆಯುವ ಯಂತ್ರವನ್ನು ಸಜ್ಜು ಮಾಡಿ ನಿಂತಿದ್ದರು. ಅದಕ್ಕೆ ಎರಡು ಬಾಯಿ. ಒಂದಕ್ಕೆ ಒಂದು ಗಡಿಯಾರದ ತಂತಿ, ಇನ್ನೊಂದಕ್ಕೆ ಇನ್ನೊಂದರ ತಂತಿ. ಎರಡರ ಮಿಡಿತಕ್ಕೂ ನಡುವೆ ಎಷ್ಟು ಅಂತರ ಎಂಬುದು ಕೆಂಪು ಅಂಕೆಗಳಲ್ಲಿ ಮೂಡುತ್ತದೆ. ಮೊಬೈಲುಗಳ ಅಲೆ ತಾಗಿ ಲೆಕ್ಕ ಕೆಡಬಾರದೆಂದು ಮೇಷ್ಟ್ರು ಎಲ್ಲರ ಫೋನನ್ನೂ ಆರಿಸಿಸಿ ಒಂದು ಡಬ್ಬದೊಳಗೆ ಹಾಕಿಸಿದರು. ತಂತಿ ಕಟ್ಟುವಾಗ ಭಾವ ಮತ್ತು ಡಾಕ್ಟರು ಒಬ್ಬರ ಕೈಯನ್ನೊಬ್ಬರು ತಳ್ಳಿಕೊಂಡರು.

“ನಿಮ್ಮ ತಂತಿ ಬಿಡಿ ಸಾರ್, ನಾನೇ ಹಾಕ್ಕೋತೀನಿ.”

“ನನ್ನ ಕ್ಲಿನಿಕ್ಕಲ್ಲಿ ನಾನಲ್ವಾ ಹಾಕಬೇಕು? ಬಾಯಿ ನೋಡಿ ಅಭ್ಯಾಸ ನನಗೆ.”

“ಗದ್ದಲ ಮಾಡ್ಬೇಡಿ!” ಎಂದರು ಮೇಷ್ಟ್ರು. ಇಬ್ಬರೂ ಕೈಕಟ್ಟಿ ನಿಂತರು.

ಊದಿದ ಕೆನ್ನೆಯವನು ಬಾಗಿಲಲ್ಲಿ ಇಣುಕಿದ. “ಡಾಕ್ತ್ರೇ, ತೈಮ್ ಎಚ್ಚಾಯ್ತು?”

ಕೋಣೆಯಲ್ಲಿ ಎರಡು ಪರಮಾಣು ಗಡಿಯಾರಗಳಿದ್ದವು, ಮೂವರು ಕಾಲಜ್ಞಾನಿಗಳಿದ್ದರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಗೋಡೆ ಗಡಿಯಾರದ ಸೆಲ್ ಸತ್ತು ವರ್ಷವಾಗಿತ್ತು, ಅಂಥ ಒರಟು ಯಂತ್ರಕ್ಕೆ ಡಾಕ್ಟರು ಬೆಲೆ ಕೊಡುತ್ತಿರಲಿಲ್ಲ. ಕೊನೆಗೆ ನರ್ಸಮ್ಮ ತನ್ನ ಕೈಗಡಿಯಾರ ನೋಡಿ, “ಎರಡೂ ಕಾಲು. ಕೂತ್ಕೊಳಣ್ಣ, ಇವರ ಆಟ ಮುಗೀಲಿ” ಎಂದಳು.

ಆಟ ಶುರುವಾಯಿತು. ಕೆಂಪು ಅಂಕೆ ಮೂಡಿತು. ಮೂಡಿದ್ದು ಅಲ್ಲೇ ನಿಂತಿತು. ಮೊಳೆ ಹೊಡೆದ ಹಾಗೆ. ಹತ್ತು ನಿಮಿಷವಾದರೂ ಅದೇ ಅಂಕೆ, ಅರ್ಧ ಗಂಟೆಯಾದರೂ ಅದೇ, ಗಂಟೆ ತುಂಬಿದರೂ ಅದೇ. ಕಟ್ಟಕಡೆಯ ಸ್ಥಾನದ ಅಂಕೆ ಕೂಡ ಮಿಸುಕಲಿಲ್ಲ. ಎರಡು ಗಡಿಯಾರಗಳ ಮಧ್ಯೆ ಇಷ್ಟು ಹೊಂದಾಣಿಕೆ ಎಂದೂ ಇರುವುದಿಲ್ಲ, ಇದ್ದರೆ ಏನೋ ಎಡವಟ್ಟಾಗಿದೆ ಎಂದರ್ಥ ಎಂದು ಇದೇ ಭಾವ ನನಗೆ ನೂರು ಸಲ ಪಾಠ ಮಾಡಿದ್ದರು. ಆದರೆ ಹೊಗಳಿಕೆ ಕಿವಿಗೆ ಬಿದ್ದಾಗ ಪಾಠ ಯಾರಿಗೆ ನೆನಪಿರುತ್ತದೆ?

“ಅದ್ಭುತ!” ಎಂದರು ಮೇಷ್ಟ್ರು. “ದಾರಿಯುದ್ದಕ್ಕೂ ಕುಲುಕಿ ಬಂದಿದೆ, ಆದ್ರೂ ಕೂದಲೆಳೆಯಷ್ಟೂ ಅಲ್ಲಾಡಿಲ್ಲ!”

ಡಾಕ್ಟರ ಮುಖ ಅರಿವಳಿಕೆ ಕೊಟ್ಟ ದವಡೆಯಂತಾಯಿತು. ಅಕ್ಕನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಎಲ್ಲ ಗುಂಡಿಗಳಿಗೂ ಅವಳು ಕಾರು ಇಳಿಸಿದ್ದು ವ್ಯರ್ಥವಾಗಿತ್ತು. ಅವಳ ರೂಮು ಹೋಯಿತು.

ಮೂವರೂ ಗೆಲುವಿನ ಪತ್ರ ಬರೆಯಲು, ಚಹಾ ಕುಡಿಯಲು ಮುಂದಿನ ಕೋಣೆಗೆ ಹೋದರು. “ಯಾರೂ ಏನೂ ಮುಟ್ಟಬೇಡಿ” ಎಂದು ಭಾವ ಅಪ್ಪಣೆ ಮಾಡಿ ಹೋದರು. ಅಕ್ಕ ರೋಗಿಗಳ ಒರಗು ಕುರ್ಚಿಯಲ್ಲಿ ಕಾಲು ಚಾಚಿ ಕೂತು ಸೂರು ನೋಡತೊಡಗಿದಳು. ಆಗ ನರ್ಸಮ್ಮ ಉಪಕರಣಗಳ ತಟ್ಟೆ ಹಿಡಿದು ಬಂದಳು. ಇಕ್ಕಳ, ಚಿಮಟ ಎಲ್ಲ ಕುದಿಸುವ ಹೊತ್ತಾಗಿತ್ತು. ಕುದಿಸುವ ಪೆಟ್ಟಿಗೆಗೆ ಬೇರೆ ಪ್ಲಗ್ಗು ಸಿಗಲಿಲ್ಲ. ದಿನವೂ ಮಾಡುವಂತೆ ಡಾಕ್ಟರ ಗಡಿಯಾರದ ಪ್ಲಗ್ ಕಿತ್ತು ತನ್ನದನ್ನು ಸಿಕ್ಕಿಸಿದಳು.

ಡಾಕ್ಟರ ಪೆಟ್ಟಿಗೆಯ ಹಸಿರು ದೀಪ ಆರಿತು. ಯಂತ್ರದ ಮೇಲಿನ ಕೆಂಪು ಅಂಕೆ ಮಾತ್ರ ಅಲ್ಲಾಡಲಿಲ್ಲ.

ಅಕ್ಕ ಎದ್ದು ಕೂತಳು. ಕುರ್ಚಿಯಿಂದ ಇಳಿದು ಬಂದು ಸತ್ತ ಗಡಿಯಾರ ನೋಡಿದಳು, ಅಂಕೆ ನೋಡಿದಳು. ಯಂತ್ರದ ಎರಡು ಬಾಯಿಗಳಿಂದ ಹೊರಟ ಎರಡು ಕಪ್ಪು ತಂತಿಗಳನ್ನು ಬೆರಳಿನಿಂದ ಹಿಡಿದುಕೊಂಡು ಹೋದಳು, ಸೀರೆಯ ನೆರಿಗೆ ಹಿಡಿದಂತೆ. ಎರಡೂ ಹೋಗಿ ಸೇರಿದ್ದು ಭಾವನ ಪೆಟ್ಟಿಗೆಗೇ, ಅದರ ಬೆನ್ನಿನ ಎರಡು ತೂತುಗಳಿಗೆ. ಡಾಕ್ಟರ ತಂತಿ ಮೇಜಿನ ಹಿಂದೆ ಅನಾಥವಾಗಿ ನೇತಾಡುತ್ತಿತ್ತು.

ಅಂದರೆ ಭಾವ ಇಷ್ಟು ಹೊತ್ತೂ ತಮ್ಮನ್ನು ತಮ್ಮೊಂದಿಗೇ ಹೋಲಿಸಿಕೊಂಡು, ತಾವು ತಮ್ಮಷ್ಟೇ ಸರಿ ಎಂದು ಕಂಡುಕೊಂಡಿದ್ದರು. ಗಡಿಯಾರವಿಲ್ಲದವರೂ ಇದನ್ನು ದಿನವೂ ಮಾಡುತ್ತಾರೆ, ಅವರು ಚಹಾ ಕುಡಿದು ಪತ್ರ ಬರೆಸಿಕೊಳ್ಳುವುದಿಲ್ಲ ಅಷ್ಟೆ.

“ರೀ” ಎಂದು ಅಕ್ಕ ಕರೆದಳು, ಬೆಣ್ಣೆಯಂಥ ದನಿಯಲ್ಲಿ. “ಒಂದು ನಿಮಿಷ ಬರ್ತೀರಾ? ನೀವೊಬ್ರೇ ಬನ್ನಿ.”

ಭಾವ ನಗುತ್ತಲೇ ಬಂದರು. ಅಕ್ಕ ಮೊದಲು ಆರಿದ ದೀಪ ತೋರಿಸಿದಳು, ಆಮೇಲೆ ಅಂಕೆ, ಆಮೇಲೆ ತಂತಿ. ನಗು ಅಲ್ಲೇ ಲಾಕ್ ಆಯಿತು. ಭಾವ ಬಗ್ಗಿ ನೋಡಿದರು, ಇನ್ನೊಮ್ಮೆ ಬಗ್ಗಿ ನೋಡಿದರು.

“ಇದು... ಡಾಕ್ಟ್ರು ತಪ್ಪಾಗಿ ಹಾಕಿದ್ದು.”

“ಹೋಗಿ ಹೇಳಿ ಹಂಗಾದ್ರೆ.”

ಮುಂದಿನ ಕೋಣೆಯಿಂದ ಮೇಷ್ಟ್ರ ದನಿ ಕೇಳುತ್ತಿತ್ತು. ಪತ್ರದಲ್ಲಿ ಬರೆಯುವುದನ್ನು ಅವರು ಜೋರಾಗಿ ಓದುತ್ತಿದ್ದರು. “ಅಚಲ... ಅಚಲ ಅನ್ನೋದಾ, ಅವಿಚಲ ಅನ್ನೋದಾ ಡಾಕ್ಟ್ರೇ?”

“ಏನೋ ಒಂದು ಬರೀರಿ” ಎಂದರು ಡಾಕ್ಟರು.

ಭಾವನ ಕಿವಿ ಆ ಕಡೆ, ಕಣ್ಣು ಈ ಕಡೆ. ಲಕ್ಷ ಕೋಟಿಯಲ್ಲಿ ಒಂದು ಪಾಲಿನ ತಪ್ಪನ್ನೂ ಸಹಿಸದ ಮನುಷ್ಯ, ಒಂದಿಡೀ ಸುಳ್ಳನ್ನು ನುಂಗಲು ತಯಾರಾಗುತ್ತಿರುವುದನ್ನು ನಾನು ಕಣ್ಣಾರೆ ಕಂಡೆ. ಬಹಳ ಹೊತ್ತೇನೂ ಹಿಡಿಯಲಿಲ್ಲ.

“ಹೋಗ್ಲಿ ಬಿಡು” ಎಂದರು ಪಿಸುದನಿಯಲ್ಲಿ. “ಸರಿಯಾಗಿ ಕಟ್ಟಿದ್ರೂ ಅಲ್ಲಾಡ್ತಿರಲಿಲ್ಲ.”

“ಕಟ್ಟಿ ನೋಡೋಣ್ವಾ?”

“ಬೇಡ!”

“ಹಂಗಾದ್ರೆ ಬೀಗದ ಕೈ ಕೊಡಿ.”

“ಗೆದ್ದಿದ್ದೀನಲ್ಲೇ ನಾನು! ಮಾತು ಏನಾಗಿತ್ತು, ಅಲ್ಲಾಡಿದ್ರೆ ತಾನೇ ರೂಮು?”

“ಡಾಕ್ಟ್ರೇ...” ಎಂದು ಅಕ್ಕ ದನಿಯೆತ್ತಿದಳು.

ಭಾವ ಜೇಬಿಗೆ ಕೈ ಹಾಕಿದ ವೇಗ ಅಳೆಯಲು ಆ ಯಂತ್ರವೇ ಬೇಕಿತ್ತು. ಅಕ್ಕ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡಾಕ್ಟರು ಬಾಗಿಲಿಗೆ ಬಂದು “ಏನಮ್ಮಾ?” ಎಂದರು.

“ಏನಿಲ್ಲ ಡಾಕ್ಟ್ರೇ. ಹೊರಗೆ ಕೂತಿರೋರಿಗೆ ಪಾಪ, ಹಲ್ಲು ನೋವಂತೆ.”

ಭಾವ ಎರಡೂ ತಂತಿಗಳನ್ನು ಅಷ್ಟರಲ್ಲಿ ಕಿತ್ತು ಸುರುಳಿ ಸುತ್ತಿ ಜೇಬಿಗೆ ತುರುಕಿಕೊಂಡಿದ್ದರು.

ಈಗ ಯಜಮಾನ ಗಡಿಯಾರ ನಮ್ಮ ಭಾವನದು. ಪತ್ರಕ್ಕೆ ಗಾಜು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ್ದಾರೆ. ಪೆಟ್ಟಿಗೆಯನ್ನು ಬಚ್ಚಲ ಮೇಲಿನ ಅಟ್ಟಕ್ಕೆ ಏರಿಸಿದ್ದಾರೆ. ಯಾರಾದರೂ ನೀರು ಕಾಯಿಸಿದರೆ ಅದೂ ಕಾಯುತ್ತದೆ. ಬಳಗದವರು ಅದರ ಸೆಕೆಂಡಿಗೇ ತಮ್ಮ ಸೆಕೆಂಡನ್ನು ಹೊಂದಿಸಿಕೊಂಡು ಧನ್ಯರಾಗುತ್ತಿದ್ದಾರೆ. ಮೇಷ್ಟ್ರಂತೂ ಈಗಿನಷ್ಟು ನಿಖರವಾಗಿ ತಾವೆಂದೂ ಬದುಕಿರಲಿಲ್ಲ ಎನ್ನುತ್ತಾರೆ. ಅವರು ಆ ನಿಖರತೆಯಿಂದ ಏನು ಮಾಡುತ್ತಾರೆ ಎಂದು ಕೇಳಬೇಡಿ. ಮಲಗುತ್ತಾರೆ.

ಅಕ್ಕ ಥರ್ಮಾಕೋಲನ್ನು ಕಿತ್ತು ಕಿಟಕಿ ತೆರೆದಳು. ಕಟಿಂಗ್ ಟೇಬಲ್ ಕಾಲು ಬಿಚ್ಚಿಕೊಂಡು ನಿಂತಿತು, ಅಕ್ಕನೂ ನಿಂತೇ ಕತ್ತರಿಸುತ್ತಾಳೆ. ಮೊನ್ನೆ ನಾನು ಹೋದಾಗ ಒಬ್ಬ ಗಿರಾಕಿ ಕನ್ನಡಿಯ ಮುಂದೆ ತೋಳೆತ್ತಿ ನಿಂತಿದ್ದಳು, ಮೆಷಿನ್ನಿನ ಮೇಲೆ ಅರ್ಧ ಹೊಲಿದ ಕುಪ್ಪಸವಿತ್ತು. ಬಾಗಿಲಲ್ಲಿ ಭಾವ ತಲೆ ಹಾಕಿದರು.

“ಏ, ಸ್ವಲ್ಪ ಹೊತ್ತು ಮೆಷಿನ್ ತುಳೀಬೇಡ್ವೇ. ಡಾಕ್ಟ್ರು ಬಂದಿದ್ದಾರೆ, ತಾಳೆ ನೋಡ್ಬೇಕಂತೆ.”

“ಬಂದಿದ್ದಾರಾ? ಒಳ್ಳೇದಾಯ್ತು. ಇಲ್ಲಿಗೇ ಕಳಿಸಿ, ನಂಗೂ ಅವರ ಹತ್ರ ಒಂದು ಮಾತಿದೆ.”

ಭಾವ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು. ಅಕ್ಕ ಕೂತು ಮೆಷಿನ್ ತುಳಿಯತೊಡಗಿದಳು. ಹೊರಗೆ ಭಾವನ ದನಿ ಕೇಳಿಸಿತು: “ಇವತ್ತು ಬೇಡ ಡಾಕ್ಟ್ರೇ. ನೀರು ಕಾಯ್ತಿದೆ, ಗಡಿಯಾರಕ್ಕೆ ಸ್ವಲ್ಪ ಜ್ವರ.”