ಗೋಡೆ ಹತ್ತಿದ ಬೆರಳು

ಸೂಜಿಯಲ್ಲಿ ಔಷಧಿಯೇ ಇರುವುದಿಲ್ಲ ಎಂದಾಗ ನನಗೆ ರೇಗಿಹೋಯಿತು. ಶ್ರೀನಿವಾಸಪುರದಿಂದ ಕೋಲಾರದವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದು ಖಾಲಿ ಸೂಜಿ ಚುಚ್ಚಿಸಿಕೊಳ್ಳುವುದಕ್ಕಾ?

"ಬರೀ ಸೂಜಿ ಅಂದ್ರೆ ನಮ್ಮನೇಲೇ ಇತ್ತಲ್ಲಮ್ಮ," ಎಂದೆ.

ಫಿಸಿಯೋಥೆರಪಿ ಮಾಡುವ ರಂಜಿತ ನಕ್ಕಳು. "ಗಂಟು ಕಟ್ಟಿರೋ ಮಾಂಸ ಸಡಿಲ ಆಗೋಕೆ ಇದು, ಮುತ್ಯಾಲಮ್ಮನೋರೇ. ಮೆಲ್ಲಗೆ ಉಸಿರು ಬಿಡಿ."

ಕೂದಲಿನಷ್ಟು ಸಣ್ಣ ಸೂಜಿ ಭುಜದೊಳಗೆ ಇಳಿಯಿತು. ಮಾಂಸ ಒಳಗೊಳಗೇ ಒಮ್ಮೆ ಅದುರಿತು. ಆಮೇಲೆ ಇಡೀ ದಿನ ಯಾರೋ ಗುದ್ದಿದ ಹಾಗೆ ನೋವು. ಆ ಹುಡುಗಿಗೆ ಮನಸ್ಸಿನಲ್ಲೇ ಮಂಗಳಾರತಿ ಎತ್ತಿದೆ.

ಮಾವಿನ ಮಂಡಿಯಲ್ಲಿ ಕಾಯಿ ಆರಿಸಿ, ಕ್ರೇಟು ಎತ್ತಿ ಎತ್ತಿ ನನ್ನ ಬಲಭುಜ ಹಿಡಿದುಕೊಂಡಿತ್ತು. ಕೈ ಎದೆಯ ಮಟ್ಟದಿಂದ ಮೇಲೇಳುತ್ತಿರಲಿಲ್ಲ. ಅಡುಗೆ ಹೇಗೋ ಆಗುತ್ತಿತ್ತು, ತಲೆ ಬಾಚಿಕೊಳ್ಳುವುದು ಮಾತ್ರ ಆಗುತ್ತಿರಲಿಲ್ಲ. ಕೂದಲು ಹರಡಿಕೊಂಡು ಕೂತಿದ್ದ ನನ್ನನ್ನು ನೋಡಿ ಪಕ್ಕದ ಮನೆಯ ಆದಿಲಕ್ಷ್ಮಿ ಕೇಳದೇ ಒಳಗೆ ಬಂದಳು.

"ಏನಕ್ಕ ಇದು ಅವತಾರ? ಕೊಡಿಲ್ಲಿ ಬಾಚಣಿಗೆ."

ಅಂದಿನಿಂದ ದಿನಾ ಬೆಳಿಗ್ಗೆ ಬರತೊಡಗಿದಳು. ಎಣ್ಣೆ ಹಚ್ಚುತ್ತಾ ಊರ ಸುದ್ದಿಯನ್ನೆಲ್ಲ ಹೇಳುವಳು. ಜಡೆಯನ್ನು ಎಳೆದೆಳೆದು ಹಾಕುವಳು, ನಾನು ಬಯ್ಯುವೆನು. ನನ್ನ ಗಂಡ ತೀರಿಕೊಂಡು ವರ್ಷಗಳೇ ಆಗಿದ್ದವು, ಮಕ್ಕಳಿಲ್ಲ. ಅವಳ ಬೆರಳು ನೆತ್ತಿಗೆ ತಾಗಿದಾಗಲೇ ಗೊತ್ತಾಗಿದ್ದು, ನನ್ನನ್ನು ಯಾರಾದರೂ ಪ್ರೀತಿಯಿಂದ ಮುಟ್ಟಿ ಎಷ್ಟು ಕಾಲವಾಗಿತ್ತು ಎಂದು. ಅಳು ಬಂತು. ಕೂದಲು ಕೀಳಬೇಡ ಎಂದು ಅವಳ ಮೇಲೆಯೇ ರೇಗಿದೆ.

ಗೋಡೆಗೆ ಬೆರಳಿಟ್ಟು ಮೆಲ್ಲಗೆ ಮೇಲಕ್ಕೆ ಹತ್ತಿಸುತ್ತಾ ಹೋಗಿ ಎಂದು ರಂಜಿತ ಹೇಳಿಕೊಟ್ಟಿದ್ದಳು. ತಲೆಗೆ ಹಚ್ಚಿ ಉಳಿದ ಎಣ್ಣೆಯನ್ನು ಆದಿಲಕ್ಷ್ಮಿ ನನ್ನ ಬಲಗೈಗೆ ಸವರಿ ಹೋಗುತ್ತಿದ್ದಳು. ಆ ಕೈಯ ಬೆರಳನ್ನೇ ಗೋಡೆ ಹತ್ತಿಸುತ್ತಿದ್ದೆ. ಸುಣ್ಣದ ಮೇಲೆ ಎಣ್ಣೆ ಗುರುತು ದಿನದಿನಕ್ಕೆ ಮೇಲೇರಿತು. ಒಂದು ದಿನ ನೆತ್ತಿಗಿಂತ ಮೇಲಿದ್ದ ಕ್ಯಾಲೆಂಡರಿನ ಮೊಳೆಯನ್ನೂ ದಾಟಿತು. ಕುಣಿದಾಡಬೇಕಾದವಳು ಅಲ್ಲೇ ಕುಸಿದು ಕೂತೆ. ಇನ್ನು ಆದಿಲಕ್ಷ್ಮಿ ಯಾಕೆ ಬರುತ್ತಾಳೆ?

ಮಾರನೆಯ ಬೆಳಿಗ್ಗೆ ನಾನು ಬಾಯಿ ಬಿಡಲಿಲ್ಲ. ಆದರೆ ಅವಳ ಕಣ್ಣು ಸುಮ್ಮನಿರಬೇಕಲ್ಲ!

"ಅಯ್ಯೋ ಅಕ್ಕ, ಮೊಳೆ ದಾಟ್ಬಿಟ್ಟಿದೀಯ! ಹೇಳ್ಲೇ ಇಲ್ವಲ್ಲ!"

ಚಪ್ಪಾಳೆ ತಟ್ಟಿದಳು. ಅವಳಿಗೆ ನಿಜವಾಗಿಯೂ ಸಂತೋಷ. ಅದಕ್ಕೇ ನನಗೆ ಹೊಟ್ಟೆ ಉರಿದಿದ್ದು. ಮರುದಿನ ಅವಳು ಬರಲಿಲ್ಲ. ಅವಳ ತಪ್ಪೇನು? ಕೈ ಸರಿಯಿದ್ದವರಿಗೆ ಯಾರು ಜಡೆ ಹಾಕುತ್ತಾರೆ?

ನಾನೇ ಬಾಚಿಕೊಂಡೆ. ಬೈತಲೆ ನೆಟ್ಟಗೇ ಬಂತು. ಬಯ್ಯಲು ಯಾರೂ ಇರಲಿಲ್ಲ, ಮನೆ ಬಿಕೋ ಎನ್ನುತ್ತಿತ್ತು. ರಂಜಿತಳೂ "ವಾಸಿಯಾಯ್ತಮ್ಮ, ಇನ್ನು ಬರೋದು ಬೇಡ" ಎಂದು ಕಳಿಸಿದಳು. ಬಸ್ಸಿನ ಮೇಲಿನ ಕಂಬಿಯನ್ನು ಬಲಗೈಯಲ್ಲೇ ಹಿಡಿದು ನಿಂತುಕೊಂಡು ಊರಿಗೆ ಬಂದೆ.

ಕೆಲವು ದಿನ ಬಿಗುಮಾನದಲ್ಲೇ ಕಳೆದವು. ಒಂದು ಬೆಳಿಗ್ಗೆ ಹಾಕಿಕೊಂಡಿದ್ದ ಜಡೆಯನ್ನು ಬಿಚ್ಚಿ, ಬಾಚಣಿಗೆ, ಎಣ್ಣೆ ಬಾಟಲಿ ಹಿಡಿದು ಅವಳ ಬಾಗಿಲಿಗೆ ಹೋದೆ. ಮುದ್ದೆ ತೊಳಸುತ್ತಿದ್ದವಳು ನನ್ನ ತಲೆ ನೋಡಿ ಗಾಬರಿಯಾದಳು.

"ಯಾಕಕ್ಕ, ಮತ್ತೆ ಹಿಡ್ಕೊಂಡ್ತಾ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ನಾನು ಎರಡೂ ಕೈಗಳನ್ನು ತಲೆಯ ಮೇಲೆತ್ತಿ ತೋರಿಸಿದೆ.

"ನೋವೇನಿಲ್ಲ ಕಣೇ. ಆದ್ರೂ ಜಡೆ ಹಾಕು."

ಅವಳು ನನ್ನ ಮುಖವನ್ನೇ ನೋಡಿದಳು. ಮುದ್ದೆ ಇಳಿಸಿ, ಸ್ಟವ್ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

"ಕೂತ್ಕೋ."

ಎಂದಿನಂತೆಯೇ ಎಳೆದೆಳೆದು ಹಾಕಿದಳು. ನಾನು ಬಯ್ಯಲಿಲ್ಲ.